ಫಿಲೇಚರ್ ಗೋಡೆಗೆ ನೀರು

ಶಿಡ್ಲಘಟ್ಟದ ಹಳೇ ಫಿಲೇಚರು ಈಗ ಹೋಟೆಲು.
ಮೂವತ್ತೆರಡು ಒಲೆಗಳಿದ್ದ ಕಡೆ ಹೂಕುಂಡ,
ಗೂಡು ಬೇಯಿಸುತ್ತಿದ್ದ ತೊಟ್ಟಿಯಲ್ಲಿ ತಾವರೆ.
ಚಿಮಣಿಗೆ ಹಬ್ಬಿಸಿದ ಬಳ್ಳಿ ಅರ್ಧಕ್ಕೇ ನಿಂತಿದೆ,
ಇಟ್ಟಿಗೆ ಇನ್ನೂ ಬಿಸಿಯೇನೋ ಎಂಬಂತೆ.

ಹನ್ನೊಂದನೇ ಒಲೆ ನನ್ನದು.
ಕುದಿನೀರಲ್ಲಿ ಎಳೆಯ ತುದಿ ಹುಡುಕುತ್ತಿದ್ದ ಬೆರಳು
ಈಗ ಬೇರಿನ ಸಿಕ್ಕು ಬಿಡಿಸುತ್ತದೆ.
ಅಲ್ಲಿ ದಾಸವಾಳ ಇಟ್ಟಿದ್ದೇನೆ.
ಅದಕ್ಕೇನೂ ಅವಸರವಿಲ್ಲ.

ಹಿಪ್ಪುನೇರಳೆ ಒಂದು ಕಡ್ಡಿ ನೆಡೋಣ ಎಂದೆ.
ತೋಟದ ನಕ್ಷೆ ತಂದ ಹುಡುಗಿ ನಕ್ಕಳು:
“ಅದು ಹುಳಕ್ಕೆ ಹಾಕೋ ಸೊಪ್ಪಲ್ವಾ ಶಮೀಮಕ್ಕ?”
ಹೌದು ತಾಯಿ. ಈ ಗೋಡೆ ಎದ್ದದ್ದೂ ಅದನ್ನೇ ತಿಂದು.
ಪಂಪಿನ ಮನೆ ಹಿಂದೆ ನೆಟ್ಟೆ,
ನಕ್ಷೆಯಲ್ಲಿ ಆ ಜಾಗ ಖಾಲಿ.

ವಾಸನೆ ಮುಚ್ಚಲೆಂದು ಕಿಟಕಿಗೊಂದು ರಾತ್ರಿರಾಣಿ.
ಆದರೂ ಸಂಜೆ ಬುಡಕ್ಕೆ ನೀರು ಬಿಟ್ಟರೆ
ಗೋಡೆ ನೆನೆದು, ಬೆಂದ ಹುಳದ ಘಾಟು
ಮೆಲ್ಲಗೆ ಎದ್ದು ಹೂವಿನ ಪಕ್ಕ ಕೂರುತ್ತದೆ,
ಪಾಳಿ ಮುಗಿಸಿ ಬಂದವರ ಹಾಗೆ.

ನಿನ್ನೆ ಆರನೇ ಕೋಣೆಯವರು ಹೊರಬಂದು
ಮೂಗೆತ್ತಿ ಕೇಳಿದರು: ಇದು ಯಾವ ಹೂವು?

ಪೈಪು ಪಕ್ಕದ ಕುಂಡಕ್ಕೆ ತಿರುಗಿಸಿ ಹೇಳಿದೆ:
ಇಲ್ಲಿನ ಹಳೇ ಜಾತಿ ಸ್ವಾಮಿ,
ನೀರು ಕುಡಿದ ದಿನ ಮಾತ್ರ ಬಿಡುತ್ತೆ.