ಮಸಿಯ ಅಂಚು

ವಿದ್ಯಾನಗರದ ಲ್ಯಾಬಿನ್ಯಾಗ
ನನ್ನ ಕೆಲಸ ಮಸಿ ಹಚ್ಚೂದು.
ಕೊಯ್ದು ತೆಗೆದ ಕರುಳಿನ ತುಂಡು
ಫಾರ್ಮಾಲಿನ್ ಡಬ್ಬಿಯಿಂದ ಎದ್ದು ಬರತೈತಿ.
ಒರಸಿ, ಸುತ್ತಲೂ ಕರೀ ಮಸಿ ಬಳೀತೀನಿ,
ಸರ್ಜನ್ನರ ಚಾಕು ತಿರುಗಿದ ದಾರಿಗುಂಟ.

ಮಸಿಗೂ ಗಡ್ಡಿಗೂ ನಡುವ
ಒಂದು ಮಿಲಿಮೀಟರಾದರೂ ಬೇಕು.
ಕಮ್ಮಿ ಬಂತಂದ್ರ ಮ್ಯಾಡಂ ಏನೂ ಅನ್ನೂದಿಲ್ಲ,
ಕನ್ನಡಕ ತೆಗೆದು ಒರಸ್ತಾರ.

ಬೆಟಗೇರಿಯ ಅಂಬಾಸಾ ಮೇರವಾಡೆ ರಿಪೋರ್ಟಿಗೆ ಬಂದಾನ,
ಹೊಟ್ಟಿಗೆ ಅಂಟಿಸಿದ ಚೀಲ ಕಾಣಬಾರದಂತ
ಅಂಗಿ ದೊಡ್ಡದು ಹೊಲಿಸ್ಯಾನ.
"ಒಂದು ಮಿಲಿಮೀಟರಿನ್ಯಾಗ ಎಷ್ಟ ಎಳಿ ಕೂಡತಾವ, ತಂಗಿ?
ಎಂಬತ್ತರ ನೂಲಾದ್ರ ಮೂರು."
ಧೋತರದ ಅಂಚಿನ ಮ್ಯಾಲ ಉಗುರಿಟ್ಟು ಎಣಿಸಿದ.
"ಒಂದೆಳಿ ತಪ್ಪಿದ್ದಕ್ಕ ಸೀರಿ ವಾಪಸ್ ಬಂದಾವ.
ಮೂರೆಳಿ ಅಂದ್ರ ಭಾಳ ಆತು."

ಲಕೋಟಿಯೊಳಗ: ಸೊನ್ನೆ ಬಿಂದು ಎಂಟು.

ಅವತ್ತ ಬ್ರಶ್ ತುಸು ದಪ್ಪಾತೇನು?
ಮಸಿ ಒಳಗ ಇಳೀತೇನು?
ಇಲ್ಲ. ಮ್ಯಾಡಂ ಮೂರು ಸಲ ಅಳದಾರ.

ಅಂವ ಲಕೋಟಿ ಒಡೀಲಿಲ್ಲ,
ನನ್ನ ಬೆರಳು ನೋಡಿದ.
"ಬಣ್ಣದ ಕೆಲಸ ಏನು?"
ಹೂಂ ಅಂದೆ.
"ಉಗುರಿನ ಸಂದ್ಯಾಗ ಉಳಿತೈತಿ ಅದು.
ನಮ್ಮವ್ವ ನಿಂಬಿಹಣ್ಣು ತಿಕ್ಕತಿದ್ಲು."