ಇನ್ನೂರು ಗಂಟೆ

ಅಕ್ಮಲ್ ಪಾಷ ಫೋನು ಮಾಡಿದಾಗ ನಾನು
ಯಾರದೋ ಮಿಕ್ಸಿಯ ಕಾರ್ಬನ್ ಬದಲಾಯಿಸುತ್ತಿದ್ದೆ.
"ಬೇಗ ಬಾ ನಾರೆಪ್ಪ, ಸ್ಪೀಕರು ಜ್ವರಕ್ಕೆ ಕೂತಿದೆ" ಅಂದ.
ಶಿಡ್ಲಘಟ್ಟದಲ್ಲಿ ಹುಳು ಜ್ವರಕ್ಕೆ ಕೂರುತ್ತದೆ,
ನಾಲ್ಕು ಸಲ, ಸೊಪ್ಪು ಮುಟ್ಟದೆ, ತಲೆಯೆತ್ತಿ,
ಹಳೆ ಚರ್ಮದೊಳಗೆ.
ಸ್ಪೀಕರು ಕೂತದ್ದನ್ನು ಅವತ್ತೇ ಕೇಳಿದ್ದು.

ಅಂಗಡಿಯವನು ಹೇಳಿ ಕಳಿಸಿದ್ದನಂತೆ:
ಇನ್ನೂರು ಗಂಟೆ ಓಡಲಿ, ಆಮೇಲೆ ಬಾಯಿ ಬಿಡುತ್ತದೆ.
ಗೂಡಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ
ಅಕ್ಮಲ್ ಗಂಟೆ ಬರೆದಿಟ್ಟಿದ್ದ,
ಕರೆಂಟು ಹೋದ ಹೊತ್ತನ್ನೆಲ್ಲ ಕಳೆದು.
ನೂರಾ ಹದಿನೇಳೂವರೆ.

ವೈರು ನನ್ನ ಹೆಬ್ಬೆರಳಿನ ದಪ್ಪ.
ಮೀಟರಿಗೆ ಎರಡು ಸಾವಿರದ ನಾನೂರು.
ಮೈಮೇಲೆ ಜಡೆಯಂಥ ನೇಯ್ಗೆ, ಅದರ ಮೇಲೊಂದು ಬಾಣ:
ಹಾಡು ಈ ಕಡೆಯಿಂದ ಆ ಕಡೆಗೆ.
ಒಂದು ಸೆಕೆಂಡಿಗೆ ನೂರು ಸಲ, ಸಾವಿರ ಸಲ
ಹೋಗಿ ಬರುವ ಕರೆಂಟಿಗೆ
ಯಾರೋ ಒನ್‌ವೇ ಬೋರ್ಡು ನೆಟ್ಟಿದ್ದರು.

ಚೀಲದಲ್ಲಿ ನನ್ನದೂ ಒಂದು ತುಂಡಿತ್ತು,
ಮದುವೆಮನೆಯ ಸೀರಿಯಲ್ ಸೆಟ್ಟಿಗೆ ತಂದು ಮಿಕ್ಕ
ಕೆಂಪು ಕಪ್ಪು ಜೋಡಿ ವೈರು.
ಮೀಟರು ಎರಡಕ್ಕೂ ಒಂದೇ ಸೊನ್ನೆ ಹೇಳಿತು.
ಮೂರು ಮಾರು ಕೋಣೆಯಲ್ಲಿ ತಾಮ್ರ ತಾಮ್ರವೇ,
ಅಂತ ಹೇಳಬೇಕಿತ್ತು.

ಆದರೆ ಇವನನ್ನು ನಾನು ಮಾರ್ಕೆಟ್ಟಿನಲ್ಲಿ ನೋಡಿದ್ದೇನೆ.
ರಾಶಿಯಿಂದ ಒಂದು ಗೂಡು ಎತ್ತಿ
ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ.
ಒಳಗಿನದು ಕಲ್ಲಿನ ಹಾಗೆ ಉರುಳಿದರೆ ಒಂದು ರೇಟು,
ಕರಗಿ ಅಂಟಿಕೊಂಡಿದ್ದರೆ ಮುಂದಿನ ಬುಟ್ಟಿಗೆ.
ಹತ್ತನೇ ವಯಸ್ಸಿನಿಂದ ಅದೇ ಕೆಲಸ.
ಅಂಥ ಕಿವಿಗೆ ನನ್ನ ಒಂಬತ್ತು ವೋಲ್ಟಿನ ಡಬ್ಬಿ
ಏನಂತ ಸಾಕ್ಷಿ ಹೇಳಬೇಕು?

"ಕಣ್ಣು ಮುಚ್ಚು" ಅಂದೆ. "ವೈರು ಬದಲಾಯಿಸ್ತೀನಿ."

ಅವನಮ್ಮ ಜೈಬುನ್ನಿಸಾ ಮೂಲೆಯಲ್ಲಿ
ಬೆಳ್ಳುಳ್ಳಿ ಸುಲಿಯುತ್ತಿದ್ದಳು.
ನಲವತ್ತು ವರ್ಷ ಕುದಿನೀರಲ್ಲಿ ಎಳೆ ಹುಡುಕಿದ ಬೆರಳು;
ರೇಖೆಯೇ ಇಲ್ಲವೆಂದು
ರೇಷನ್ ಅಂಗಡಿಯ ಮಿಷನ್ನು ಅವಳನ್ನು ನಂಬುವುದಿಲ್ಲ.
ಅವಳೊಬ್ಬಳೇ ನೋಡಿದ್ದು:
ಸ್ಕ್ರೂಡ್ರೈವರಿನ ಹಿಡಿಯಿಂದ ಪೆಟ್ಟಿಗೆಯನ್ನು
ಎರಡು ಸಲ ಟಕ್ಕೆನಿಸಿದೆ.
ಅಷ್ಟೇ. ಏನೂ ಬಿಚ್ಚಲಿಲ್ಲ, ಏನೂ ಸಿಕ್ಕಿಸಲಿಲ್ಲ.

"ಅರೆ!" ಅಂದ ಅಕ್ಮಲ್, ಕಣ್ಣು ಮುಚ್ಚಿಕೊಂಡೇ.
"ತಬಲ ಸ್ವಲ್ಪ ಎಡಕ್ಕೆ ಹೋಯ್ತು.
ಎರಡನೇ ಸಾಲಿಗೆ ಮೊದಲು
ಉಸಿರು ಎಳ್ಕೊಳ್ತಾರೆ, ಕೇಳಿಸ್ತಾ?"

ಇಲ್ಲಿ ನಾನು ನಗಬೇಕಾಗಿತ್ತು.
ನನಗೂ ಕೇಳಿಸಿತು.

ಸಣ್ಣ ಉಸಿರು, ಬಾಗಿಲ ಹಿಂದೆ ಯಾರೋ ನಿಂತ ಹಾಗೆ.
ಈ ಹಾಡನ್ನು ನೂರು ರೇಡಿಯೋ ರಿಪೇರಿಗೆ ಹಾಕಿ ನೋಡಿದ್ದೇನೆ,
ಇವತ್ತಿನವರೆಗೆ ಅದು ಅಲ್ಲಿರಲಿಲ್ಲ.
ಕೈಗೆ ಗೊತ್ತಿತ್ತು, ಏನೂ ಬದಲಾಗಿಲ್ಲವೆಂದು.
ಕಿವಿ ಕೈಯನ್ನು ಕೇಳಲಿಲ್ಲ.

ಸ್ಪೀಕರು ಪಳಗುತ್ತಿತ್ತೋ, ನಾವೋ.
ಟ್ವೀಟರಿನ ಗುಮ್ಮಟ ರೇಷ್ಮೆಯದು ಅಂತ ಅವನು ತೋರಿಸಿದ,
"ನಮ್ಮೂರ ನೂಲೇ ಇದ್ದರೂ ಇರಬಹುದು."
ಇರಬಹುದು ಅಂದೆ.
ಬಾಗಿಲವರೆಗೆ ಬಂದ ಜೈಬುನ್ನಿಸಾ
ಬೆಳ್ಳುಳ್ಳಿ ಸಿಪ್ಪೆಯನ್ನು ಮೊರದಿಂದ ಊದಿ ಹಾರಿಸಿ
"ಗಂಟೆ ಮುಗೀಲಿ, ಆಮೇಲೆ ಬೇಕಾದ್ರೆ ಹೇಳು" ಅಂದಳು.

ಆರನೇ ರಾತ್ರಿ, ಮೂರಕ್ಕೆ, ಫೋನು.
"ನಾರೆಪ್ಪ, ಆಯ್ತು. ಬಾಯಿ ಬಿಟ್ಟಿತು. ತಾಳು,"
ಅಂದವನು ಫೋನನ್ನು ಸ್ಪೀಕರಿನ ಎದುರು ಹಿಡಿದ.

ಅವರೆಕಾಳಿನಷ್ಟು ತೂತಿನಿಂದ ಹಾಡು
ಒಣಗಿದ ಹಿಪ್ಪುನೇರಳೆ ಎಲೆ ಮುರಿದಂತೆ ಬಂತು.
ಮಂದ್ರವಿಲ್ಲ, ಎಡಬಲವಿಲ್ಲ, ತಬಲವೂ ಇಲ್ಲ.
ಆ ಸದ್ದಿನ ಈಚೆ, ಬಹಳ ಹತ್ತಿರ,
ಉಸಿರು ಬಿಗಿಹಿಡಿದು ನಿಂತಿದ್ದ ಅಕ್ಮಲ್.

"ಕೇಳಿಸ್ತಾ?"

ಕೇಳಿಸ್ತು, ಅಂದೆ.