ಒಂಬತ್ತರಿಂದ ಐದು

ಹಳೇ ಮೀಟರು ಬಾಗಿಲ ಮ್ಯಾಲ ಅಜ್ಜನಂಗ ಕುಂತಿತ್ತು.
ಒಳಗೊಂದು ಚಕ್ರ, ಚಕ್ರಕ್ಕೊಂದು ಕೆಂಪು ಗೀಟು,
ತನ್ನ ಪಾಡಿಗೆ ತಾನು ತಿರಗತಿತ್ತು.
ಹಗಲು ಯಾವುದು ರಾತ್ರಿ ಯಾವುದು ಅದಕ್ಕ ಗೊತ್ತಿರಲಿಲ್ಲ.
ಅದಕ್ಕ ಗೊತ್ತಿಲ್ಲಂತ ನಮಗೂ ಗೊತ್ತಿರಲಿಲ್ಲ.

ಶ್ರಾವಣದಾಗ ಬಂದು ಹೊಸಾದು ಕೂಡಿಸಿ ಹೋದರು.
ಇದಕ್ಕ ಹೊಟ್ಟಿಯೊಳಗ ಗಡಿಯಾರ ಐತಿ.
ತಾಸು ನೋಡಿ ಬೆಲಿ ಕಟ್ಟತೈತಿ,
ಮಂಡಿಯೊಳಗಿನ ಕೊತ್ತಂಬರಿಯಂಗ
ಮುಂಜಾನಿಗೊಂದು, ಸಂಜಿಗೊಂದು.

ಎದುರು ಖೋಲಿಯ ಪ್ರಾಜಕ್ತಾ ಬಿಲ್ಲು ಹಿಡಕೊಂಡು
ಅರ್ಧ ಮರಾಠಿ ಅರ್ಧ ಕನ್ನಡದಾಗ ತಿಳಿಸಿದಳು:
"ಮಾವಶಿ, ಒಂಬತ್ತರಿಂದ ಐದು ಸೋವಿ.
ಆಗ ಬಿಸಲಿನ ಕರೆಂಟು ರಾಶಿ ಬಿದ್ದಿರತೈತಿ, ಕೊಳ್ಳಾಕ ಮಂದಿ ಬೇಕು.
ದೀಪ ಹಚ್ಚೋ ಹೊತ್ತಿಗೆ ತುಟ್ಟಿ,
ಎಲ್ಲಾರೂ ಒಮ್ಮಿಗೇ ಕೈ ಒಡ್ಡತಾರಲ್ಲ.
ನಡುರಾತ್ರಿ ಸಾದಾ."
"ಮತ್ತ ಟೀವಿಯೊಳಗ ಮಿತಿ ಹಾಕೇವಿ ಅಂದರಲ್ಲ?"
"ಐತಿ. ಒಂದು ಯೂನಿಟ್ಟಿಗೆ ಇಷ್ಟರ ಮ್ಯಾಲ ತಗೋಬಾರದಂತ.
ನೀವು ಎಷ್ಟು ಯೂನಿಟ್ಟು ಸುಡತೀರೋ, ಅದಕ್ಕ ಮಿತಿ ಇಲ್ಲ."
ಆಕಿ ಹನ್ನೆರಡನೇ ಇಯತ್ತೆ, ನಂದು ನಾಕಕ್ಕ ಮುಗೀತು.
ಆದರೂ ತಿಳೀತು:
ಕೊಡದ ಬಾಯಿಗೆ ಬಟ್ಟಿ ಕಟ್ಯಾರ, ತಳ ಸೋರತೈತಿ.

ಪರ್ವತಿ ಗುಡ್ಡದ ಬುಡಕ್ಕ ಹತ್ತು ಬೈ ಹನ್ನೆರಡರ ಖೋಲಿ.
ಮೂಲ್ಯಾಗ ಗಿರಣಿ.
ದಿನಕ್ಕ ಎಂಟು ಕಿಲೋ ಜೋಳ, ನಾಕು ಮನಿಗೆ ಹಿಟ್ಟು,
ಎರಡು ಖಾನಾವಳಿಗೆ ಖಡಕ್ ರೊಟ್ಟಿ.
ಗಿರಣಿಯಿಂದ ಮೂರು ಮೊಳಕ್ಕ ಹಾಸಿಗಿ.
ಹಾಸಿಗಿ ಮ್ಯಾಲ ಗುರುಪಾದ,
ಖರಾಡಿಯ ಕಂಪನಿ ಗೇಟಿನಾಗ ರಾತ್ರಿಯೆಲ್ಲ
ಗಾಡಿ ನಂಬರು ಬರದು ಬರದು
ಮುಂಜಾನಿ ಮನಿಗೆ ಬಂದು ಮಲಗೋ ಮನಿಶಾ.
ಒಂಬತ್ತರಿಂದ ಐದು.

ಮೊದಲೆಲ್ಲ ಅವ ಸಂಜಿ ಏಳಕ್ಕ ಡಬ್ಬಿ ಹಿಡದು ಹೊಂಟನೆಂದರ
ಗಿರಣಿ ಹಚ್ಚತಿದ್ದೆ, ಸೀರಿ ಸೆರಗು ಬಿಗದು, ಬಾಗಿಲ ತೆರದು.
ಈಗ ಅದೇ ತಾಸು ಎಲ್ಲಕ್ಕಿಂತ ತುಟ್ಟಿ.
ಗುಡ್ಡದ ಮೆಟ್ಟಲ ಮ್ಯಾಲ ನಿಂತು ನೋಡಿದರ
ಆಗ ಊರಿಗೂರೇ ಮಿಣುಕತೈತಿ.
ಯಾರ ದೀಪ ಆರಸಂತ ಹೇಳೂಣು?

ಕ್ಯಾಲೆಂಡರಿನ ಹಿಂದ ಕೂಡಿಸಿ ಕಳದು ನೋಡಿದೆ.
ಹಗಲು ಬೀಸಿದರ ತಿಂಗಳಿಗೆ ಉಳಿಯೋದು
ಎಂಬತ್ತೇಳು ರೂಪಾಯಿ.
ಒಬ್ಬನ ಒಂದು ತಿಂಗಳ ನಿದ್ದಿಗೆ.
ಮತ್ತೊಮ್ಮೆ ಕೂಡಿಸಿದೆ. ಅಷ್ಟೇ.

ಒಂದು ಬಿಲ್ಲಿನ ತನಕ ತಡದೆ.
ಬಿಲ್ಲು ಬಂದ ಮರುದಿನ, ಹನ್ನೊಂದರ ಸುಮಾರು,
ಹಳೇ ಕೌದಿ ನಾಕು ಮಡಿಕಿ ಮಾಡಿ ಗಿರಣಿ ಕೆಳಗ ಹಾಸಿ
ಅವನ ಮಾರಿ ನೋಡಕೋತ ಗುಂಡಿ ಒತ್ತಿದೆ.
ಹುಬ್ಬು ಗಂಟಾತು. ಮಗ್ಗಲ ಬದಲಿಸಿದ.
ಏನೋ ಅಂದ, ಜೋಳ ಒಡಿಯೋದ್ರಾಗ ಕೇಳಲಿಲ್ಲ.
ಆಮ್ಯಾಲ ಕಾಲು ಚಾಚಿದ.
ಎಂಟು ಕಿಲೋ ಮುಗಿಯೂತನಕ ಅಲುಗಲಿಲ್ಲ.
ಹಿಟ್ಟಿನ ಧೂಳು ರೆಪ್ಪಿ ಮ್ಯಾಲ ಕುಂತಿತ್ತು,
ನಾ ಒರಸಲಿಲ್ಲ.

ಗುಂಡಿ ಆರಿಸಿದೆ.
ದಡಕ್ಕನ ಎದ್ದು ಕುಂತ.
"ನಂಬರು ಹೇಳ್ರಿ" ಅಂದ,
ಬಲಗೈ ಹಾಸಿಗಿ ಮ್ಯಾಲ ಪೆನ್ನು ತಡಕತಿತ್ತು.
ಗೇಟಿನಾಗ ಗಾಡಿ ಹೊಂಟರ ನಿದ್ದಿ ಕೆಡೂದಿಲ್ಲ ಇವಗ,
ನಿಂತರ ಎಚ್ಚರಾಗತೈತಿ.
"ಗಾಡಿ ಅಲ್ಲ, ಗಿರಣಿ. ಮಲಕೋ."
ಮಲಗಲಿಲ್ಲ. ಚಾ ಕೇಳಿದ.

ಈಗ ಜೋಳ ಮುಗಿಯೂಕಿಂತ ಮೊದಲೇ
ಟೇಬಲ್ ಫ್ಯಾನು ಜೋರಿಗಿಟ್ಟು
ಆಮ್ಯಾಲ ಗಿರಣಿ ಆರಸತೀನಿ.
ಕಡಕಡಾ ಅನ್ನೋ ಹಳೇ ಫ್ಯಾನು, ಐದರ ತನಕ ಓಡತೈತಿ.
ಅದರ ಯೂನಿಟ್ಟು ಬ್ಯಾರೆ.
ಎಂಬತ್ತೇಳರಾಗ ಅದನ್ನ ಕಳೀಬೇಕು.
ಇನ್ನೂ ಕಳದಿಲ್ಲ.